ವಾರ್ಡಿನ ಕಂಪ್ಯೂಟರ್: ನರ್ಸ್‌ಗಳಿಗೆ ಲಾಗಿನ್‌ನಿಂದ ಹ್ಯಾಂಡ್‌ಓವರ್‌ವರೆಗೆ

"ನಮ್ಮ ಆಸ್ಪತ್ರೆಯಲ್ಲಿ ಇನ್ಮೇಲೆ ಎಲ್ಲ ಕಂಪ್ಯೂಟರ್‌ಗೇ ಹಾಕಬೇಕಂತೆ. ನನಗೆ ಅಷ್ಟಾಗಿ ಬರಲ್ಲ. ಎಲ್ಲಿಂದ ಶುರು ಮಾಡಲಿ?" ಈ ಪ್ರಶ್ನೆ ಎಷ್ಟು ಸಲ ಬಂದಿದೆಯೆಂದರೆ ಒಬ್ಬೊಬ್ಬರಿಗೆ ಬಿಡಿಯಾಗಿ ಉತ್ತರಿಸುವ ಬದಲು ಒಂದೇ ಕಡೆ ಬರೆದಿಡುವುದು ಮೇಲು ಅನ್ನಿಸಿತು.

ಕೇಳುವವರು ಎರಡು ಬಗೆ. ಒಂದು, ಬಿಎಸ್ಸಿ ನರ್ಸಿಂಗ್ ವಿದ್ಯಾರ್ಥಿಗಳು. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ತಂದ ಸೆಮಿಸ್ಟರ್ ಪಠ್ಯಕ್ರಮದಲ್ಲಿ ನರ್ಸಿಂಗ್ ಇನ್‌ಫರ್ಮ್ಯಾಟಿಕ್ಸ್, ಅಂದರೆ ನರ್ಸಿಂಗ್ ಕೆಲಸದಲ್ಲಿ ಕಂಪ್ಯೂಟರ್ ಮತ್ತು ಮಾಹಿತಿಯ ಬಳಕೆ, ಒಂದು ಪ್ರತ್ಯೇಕ ವಿಷಯ. ಪುಸ್ತಕದಲ್ಲಿ ವ್ಯಾಖ್ಯೆಗಳು ಸಿಗುತ್ತವೆ, ವಾರ್ಡಿಗೆ ಹೋದಾಗ ಅವು ಎಲ್ಲಿ ಕೂರುತ್ತವೆ ಅಂತ ತಿಳಿಯುವುದಿಲ್ಲ. ಇನ್ನೊಂದು ಬಗೆ, ಹದಿನೈದು ಇಪ್ಪತ್ತು ವರ್ಷ ಕೇಸ್ ಶೀಟ್ ಬರೆದು ಕೈ ಪಳಗಿದ ಸಿಸ್ಟರ್‌ಗಳು. ಇವರಿಗೆ ಕೆಲಸವೆಲ್ಲ ಗೊತ್ತು, ಪರದೆ ಕಂಡರೆ ಮಾತ್ರ ಅಳುಕು.

ಇಬ್ಬರಿಗೂ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಟೈಪಿಂಗ್ ವೇಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅದು ಎರಡು ತಿಂಗಳಲ್ಲಿ ತಾನೇ ಬರುತ್ತದೆ. ಒಂದು ಎಂಟ್ರಿ ಸರಿ ಇದೆಯಾ ಅಂತ ನೋಡಲು ನಾಲ್ಕು ಪ್ರಶ್ನೆ ಸಾಕು: ಯಾರ ಬಗ್ಗೆ? ಏನು? ಯಾವಾಗ? ಬರೆದವರು ಯಾರು? ಕಾಗದದಲ್ಲೂ ಇದೇ ನಾಲ್ಕು ಪ್ರಶ್ನೆ ಇದ್ದವು. ಆದರೆ ಕಂಪ್ಯೂಟರ್‌ನಲ್ಲಿ ಒಂದು ತಪ್ಪು ಉತ್ತರ ಒಂದೇ ಕ್ಷಣದಲ್ಲಿ ಲ್ಯಾಬ್, ಫಾರ್ಮಸಿ, ಬಿಲ್ಲಿಂಗ್ ಮೂರೂ ಕಡೆ ಹೋಗಿ ಕೂತಿರುತ್ತದೆ.

ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ನಿಮ್ಮ ಸ್ವಂತ ಲಾಗಿನ್. ರೋಗಿಯ ಕೈಗೆ ಐಡಿ ಬ್ಯಾಂಡ್. ಐಟಿ ವಿಭಾಗದ ಇಂಟರ್‌ಕಾಮ್ ನಂಬರ್. ಸರ್ವರ್ ನಿಂತಾಗ ಬಳಸುವ ಕಾಗದದ ಫಾರಂಗಳು ಯಾವ ಕಪಾಟಿನಲ್ಲಿವೆ ಅನ್ನೋದು. ಇಷ್ಟು ಗೊತ್ತಿಲ್ಲದೆ ಮೊದಲ ನೈಟ್ ಡ್ಯೂಟಿಗೆ ಕೂರಬೇಡಿ.

ಕೆಲವು ಪದಗಳು ದಿನಾ ಕಿವಿಗೆ ಬೀಳುತ್ತವೆ. ಎಚ್‌ಐಎಸ್ ಅಂದರೆ ಇಡೀ ಆಸ್ಪತ್ರೆಯ ಸಾಫ್ಟ್‌ವೇರ್: ಓಪಿಡಿ ಚೀಟಿಯಿಂದ ಬಿಲ್‌ವರೆಗೆ ಎಲ್ಲ ಅದರಲ್ಲಿ. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ರೂಪಿಸಿದ ಇ-ಹಾಸ್ಪಿಟಲ್ ಇಂಥದ್ದೇ, ನಮ್ಮ ರಾಜ್ಯದ ಹಲವು ಸರ್ಕಾರಿ ಆಸ್ಪತ್ರೆಗಳಲ್ಲಿದೆ. ಇಎಂಆರ್ ಅಂದರೆ ಒಂದು ಆಸ್ಪತ್ರೆಯೊಳಗಿನ ರೋಗಿಯ ಡಿಜಿಟಲ್ ಕೇಸ್ ಶೀಟ್. ಇಎಚ್‌ಆರ್ ಅಂದರೆ ಆಸ್ಪತ್ರೆ ಬದಲಾದರೂ ರೋಗಿಯ ಜೊತೆ ಸಾಗುವ ದಾಖಲೆ. ಎಲ್‌ಐಎಸ್ ಲ್ಯಾಬಿನದು, ಪ್ಯಾಕ್ಸ್ ಎಕ್ಸ್‌ರೇ-ಸ್ಕ್ಯಾನ್ ಚಿತ್ರಗಳದು. ಸಿಪಿಒಇ ಅಂದರೆ ಡಾಕ್ಟರ್ ತಾವೇ ಆರ್ಡರ್ ಅನ್ನು ಕಂಪ್ಯೂಟರ್‌ಗೆ ಹಾಕುವುದು. ಹೆಸರು ಜಾಸ್ತಿ ಅನ್ನಿಸಿದರೂ ನಿಮ್ಮ ಪರದೆಯಲ್ಲಿ ಇವೆಲ್ಲ ಒಂದೇ ರೋಗಿಯ ಹೆಸರಿನ ಕೆಳಗೆ ಬೇರೆ ಬೇರೆ ಟ್ಯಾಬ್‌ಗಳಾಗಿ ಕಾಣುತ್ತವೆ, ಅಷ್ಟೇ.

1. ನಿಮ್ಮ ಹೆಸರಿನಲ್ಲೇ ಒಳಗೆ ಹೋಗಿ

ಬೆಳಿಗ್ಗೆ ಒಬ್ಬರು ಲಾಗಿನ್ ಆದರೆ ಸಂಜೆವರೆಗೂ ಅದೇ ಹೆಸರಿನಲ್ಲಿ ಎಲ್ಲರೂ ಎಂಟ್ರಿ ಹಾಕುವುದನ್ನು ನೀವು ನೋಡಿರಬಹುದು. "ಮತ್ತೆ ಮತ್ತೆ ಪಾಸ್‌ವರ್ಡ್ ಹಾಕೋದು ಯಾರು?" ಅನ್ನೋ ಮಾತೂ ಕೇಳಿರಬಹುದು. ಇದು ಮಾತ್ರ ಬೇಡವೇ ಬೇಡ. ಪ್ರತಿ ಕ್ಲಿಕ್ಕಿನ ಹಿಂದೆ ಯಾರು, ಎಷ್ಟು ಗಂಟೆಗೆ, ಯಾವ ಕಂಪ್ಯೂಟರ್‌ನಿಂದ ಅನ್ನೋದನ್ನು ಸಿಸ್ಟಂ ತಾನೇ ಬರೆದಿಡುತ್ತದೆ. ಇದಕ್ಕೆ ಆಡಿಟ್ ಟ್ರೇಲ್ ಅನ್ನುತ್ತಾರೆ. ನಾಳೆ ಒಂದು ಇಂಜೆಕ್ಷನ್ ಬಗ್ಗೆ ಪ್ರಶ್ನೆ ಬಂದರೆ ಅಲ್ಲಿ ಕಾಣುವುದು ಲಾಗಿನ್ ಆದವರ ಹೆಸರು, ಸಿರಿಂಜ್ ಹಿಡಿದವರದಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ವಿದ್ಯುನ್ಮಾನ ದಾಖಲೆಗೆ ಕಾಗದದ ದಾಖಲೆಯಷ್ಟೇ ಕಾನೂನಿನ ಮಾನ್ಯತೆ ಇದೆ. "ನಾನು ಬರೆದದ್ದಲ್ಲ, ನನ್ನ ಲಾಗಿನ್‌ನಲ್ಲಿ ಬೇರೆಯವರು ಬರೆದದ್ದು" ಅಂತ ಹೇಳಬೇಕಾದ ಸ್ಥಿತಿ ಬರಬಾರದು.

ವಿದ್ಯಾರ್ಥಿಗಳೇ, ನಿಮಗೆ ಲಾಗಿನ್ ಕೊಟ್ಟಿಲ್ಲ ಅಂದರೆ ನೀವು ನೋಡಿ ಕಲಿಯಬೇಕು, ಎಂಟ್ರಿ ಹಾಕಬಾರದು ಅಂತಲೇ ಅರ್ಥ. ಸ್ಟಾಫ್ "ನನ್ನ ಐಡಿಯಲ್ಲಿ ಹಾಕಿಬಿಡಮ್ಮ" ಅಂದರೆ "ನಾನು ಹೇಳ್ತೀನಿ, ನೀವು ಹಾಕಿ ಸಿಸ್ಟರ್" ಅನ್ನಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಪಾಸ್‌ವರ್ಡ್‌ಗೆ ಆಸ್ಪತ್ರೆಯ ಹೆಸರು, ಮಗುವಿನ ಹೆಸರು, ಮೊಬೈಲ್ ನಂಬರ್ ಬೇಡ. ನಿಮಗೆ ಮಾತ್ರ ನೆನಪಿರುವ ಮೂರು ನಾಲ್ಕು ಪದ ಜೋಡಿಸಿ. ಮಾನಿಟರ್ ಅಂಚಿಗೆ ಚೀಟಿ ಅಂಟಿಸಬೇಡಿ. ಕೀಬೋರ್ಡ್ ಅಡಿಯಲ್ಲಿ ಇಟ್ಟರೂ ಅಷ್ಟೇ, ಎಲ್ಲರೂ ಮೊದಲು ಹುಡುಕುವುದೇ ಅಲ್ಲಿ. ಎದ್ದು ಹೋಗುವಾಗ ಕೀಬೋರ್ಡಿನ ವಿಂಡೋಸ್ ಗುಂಡಿ ಮತ್ತು ಎಲ್ ಒಟ್ಟಿಗೆ ಒತ್ತಿ, ಪರದೆ ಲಾಕ್ ಆಗುತ್ತದೆ.

2. ಸರಿಯಾದ ರೋಗಿಯನ್ನೇ ತೆರೆಯಿರಿ

ಅತಿ ಹೆಚ್ಚು ಗಮನ ಬೇಡುವ ಹಂತ ಇದು. ನಮ್ಮಲ್ಲಿ ಹೆಸರಿನಿಂದ ಹುಡುಕುವುದು ಯಾಕೆ ಅಪಾಯ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದೇ ವಾರ್ಡಿನಲ್ಲಿ ಇಬ್ಬರು ಮಂಜುನಾಥ್ ಇರುವುದು ಮಾಮೂಲು. ಲಕ್ಷ್ಮಮ್ಮ ಅಂತೂ ಇದ್ದೇ ಇರುತ್ತಾರೆ. ಇಂಗ್ಲಿಷ್‌ನಲ್ಲಿ ಟೈಪ್ ಮಾಡುವಾಗ ಒಬ್ಬರು ಲಕ್ಷ್ಮಿಗೆ ಕೆ-ಎಸ್-ಎಚ್ ಹಾಕುತ್ತಾರೆ, ಇನ್ನೊಬ್ಬರು ಎಕ್ಸ್ ಹಾಕುತ್ತಾರೆ. ಇನಿಷಿಯಲ್ ಒಮ್ಮೆ ಹಿಂದೆ, ಒಮ್ಮೆ ಮುಂದೆ. ಗಂಡನ ಹೆಸರು, ತಂದೆಯ ಹೆಸರು ಯಾವುದೋ ಒಂದು. ಸರಿ, ಹುಟ್ಟಿದ ದಿನಾಂಕ ನೋಡೋಣ ಅಂದರೆ ಅಲ್ಲೂ ತೊಡಕು. ಹಿರಿಯರಲ್ಲಿ ಎಷ್ಟೋ ಜನಕ್ಕೆ ದಿನಾಂಕ ಗೊತ್ತಿಲ್ಲ, ಹಾಗಾಗಿ ದಾಖಲೆಯಲ್ಲಿ ಜನವರಿ 1 ಅಂತ ಕೂತಿರುತ್ತದೆ. ಒಂದೇ ಹೆಸರು, ಜನವರಿ 1, ಒಂದೇ ವರ್ಷದ ಇಬ್ಬರು ಅಜ್ಜಿಯರು ಪಟ್ಟಿಯಲ್ಲಿ ಒಬ್ಬರ ಕೆಳಗೊಬ್ಬರು ಇರಬಹುದು.

ಆದ್ದರಿಂದ ಯುಎಚ್‌ಐಡಿ ಅಥವಾ ಐಪಿ ನಂಬರ್‌ನಿಂದಲೇ ಹುಡುಕಿ. ಯುಎಚ್‌ಐಡಿ ಅಂದರೆ ಆ ಆಸ್ಪತ್ರೆಯಲ್ಲಿ ಒಬ್ಬ ರೋಗಿಗೆ ಒಂದೇ ಸಲ ಕೊಡುವ ಕಾಯಂ ನಂಬರ್. ಐಪಿ ನಂಬರ್ ಪ್ರತಿ ಅಡ್ಮಿಷನ್‌ಗೆ ಹೊಸದು. ತೆರೆದ ಮೇಲೆ ರೋಗಿಯ ಬಾಯಲ್ಲೇ ಹೆಸರು ಹೇಳಿಸಿ, ಬ್ಯಾಂಡಿನ ನಂಬರ್ ಜೊತೆ ತಾಳೆ ನೋಡಿ. "ನೀವು ಮಂಜುನಾಥ್ ಅಲ್ವಾ?" ಅಂತ ಕೇಳಬೇಡಿ. ಜ್ವರದ ಮಂಪರಿನಲ್ಲಿರುವವರು ಎಲ್ಲದಕ್ಕೂ ಹ್ಞೂಂ ಅಂತಾರೆ. "ನಿಮ್ಮ ಹೆಸರು ಹೇಳಿ" ಅನ್ನಿ. ಪ್ರಜ್ಞೆ ಇಲ್ಲದಿದ್ದರೆ ಬ್ಯಾಂಡ್ ನೋಡಿ, ಜೊತೆಗಿರುವ ಮನೆಯವರ ಕಡೆಯಿಂದ ಹೆಸರು ಹೇಳಿಸಿ.

ಬೆಡ್ ನಂಬರ್ ಗುರುತಲ್ಲ. ಬೆಡ್ ಬದಲಾಗುತ್ತದೆ, ರೋಗಿ ಬದಲಾಗುವುದಿಲ್ಲ. ರಾತ್ರಿ ಕಿಟಕಿ ಪಕ್ಕ ಚಳಿ ಅಂತ ಇಬ್ಬರು ರೋಗಿಗಳು ತಾವೇ ಹಾಸಿಗೆ ಬದಲಿಸಿಕೊಳ್ಳುವುದೂ ಉಂಟು.

ಇಲ್ಲಿ ಇನ್ನೊಂದು ಹಳ್ಳ ಇದೆ: ಡಬಲ್ ರಿಜಿಸ್ಟ್ರೇಷನ್. ಹಳೆಯ ಚೀಟಿ ಮನೆಯಲ್ಲಿ ಬಿಟ್ಟು ಬಂದ ರೋಗಿಗೆ ಕೌಂಟರ್‌ನಲ್ಲಿ ಹೊಸ ನಂಬರ್ ಕೊಟ್ಟುಬಿಡುತ್ತಾರೆ. ಈಗ ಒಬ್ಬರಿಗೆ ಎರಡು ಯುಎಚ್‌ಐಡಿ. ಹೋದ ಸಲದ ಪೆನ್ಸಿಲಿನ್ ಅಲರ್ಜಿ ಹಳೆಯ ನಂಬರ್‌ನಲ್ಲಿದೆ, ನಿಮ್ಮ ಮುಂದಿರುವ ಪರದೆ ಖಾಲಿ. "ಮುಂಚೆ ಇಲ್ಲಿಗೆ ಬಂದಿದ್ರಾ?" ಅಂತ ಅಡ್ಮಿಷನ್ ಸಮಯದಲ್ಲಿ ಒಂದು ಮಾತು ಕೇಳಿ. ಬಂದಿದ್ದರೆ ಎಂಆರ್‌ಡಿಗೆ, ಅಂದರೆ ದಾಖಲೆ ವಿಭಾಗಕ್ಕೆ ತಿಳಿಸಿ. ಎರಡು ನಂಬರ್ ಒಂದು ಮಾಡುವುದು ಅವರ ಕೆಲಸ, ನೀವು ಕೈ ಹಾಕಬೇಡಿ.

ಆಭಾ ನಂಬರ್ ಬಗ್ಗೆಯೂ ಕೇಳುತ್ತೀರಿ. ಇದು 14 ಅಂಕಿಯದು. 2021ರ ಸೆಪ್ಟೆಂಬರ್‌ನಲ್ಲಿ ದೇಶವ್ಯಾಪಿಯಾಗಿ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಡಿ ಕೊಡುವಂಥದ್ದು. ಬೇರೆ ಬೇರೆ ಆಸ್ಪತ್ರೆಯ ದಾಖಲೆಗಳನ್ನು ರೋಗಿಯ ಒಪ್ಪಿಗೆ ಮೇಲೆ ಜೋಡಿಸಲು ಇದು. ಕಡ್ಡಾಯವಲ್ಲ. ಆಭಾ ಇಲ್ಲ ಅಂತ ಯಾರ ಚಿಕಿತ್ಸೆಯನ್ನೂ ನಿಲ್ಲಿಸುವ ಹಾಗಿಲ್ಲ. ಯುಎಚ್‌ಐಡಿ ಬದಲಿಗೆ ಇದನ್ನು ಬಳಸುವುದೂ ಅಲ್ಲ.

3. ವೈಟಲ್ಸ್ (ನಾಡಿ, ಬಿಪಿ, ಉಸಿರಾಟದಂಥ ಅಳತೆಗಳು) ಹಾಕಿ, ಹಾಕಿದ ಮೇಲೆ ಓದಿ

ವಿದ್ಯಾರ್ಥಿಗಳು ಪರೀಕ್ಷೆಗೆ ಓದುವ ದತ್ತಾಂಶ, ಮಾಹಿತಿ, ಜ್ಞಾನ, ವಿವೇಕ ಅನ್ನೋ ನಾಲ್ಕು ಮೆಟ್ಟಿಲು ಇರುವುದು ಇಲ್ಲೇ. ಒಂದು ಉದಾಹರಣೆ ನೋಡಿ. ನಿಮ್ಮ ರೋಗಿಯ ಉಸಿರಾಟ ನಿಮಿಷಕ್ಕೆ 22. ಆಮ್ಲಜನಕ ಕೊಡದೆ ಎಸ್‌ಪಿಒ2, ಅಂದರೆ ರಕ್ತದಲ್ಲಿನ ಆಮ್ಲಜನಕದ ಮಟ್ಟ, ಶೇ 94. ಮೇಲಿನ ಬಿಪಿ 108. ನಾಡಿ 112. ಜ್ವರ 38.4 ಡಿಗ್ರಿ ಸೆಲ್ಸಿಯಸ್. ಎಚ್ಚರವಾಗಿ ಮಾತಾಡುತ್ತಿದ್ದಾರೆ. ಬಿಡಿಬಿಡಿಯಾಗಿ ನೋಡಿದರೆ ಒಂದೂ ಗಾಬರಿ ಹುಟ್ಟಿಸುವುದಿಲ್ಲ, ಅಲ್ವಾ? ಇವು ದತ್ತಾಂಶ.

ಈಗ ನ್ಯೂಸ್-2 ಅನ್ನೋ ಅಂಕ ಪದ್ಧತಿಗೆ ಹಾಕಿ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ್ದು ಇದು. ಉಸಿರಾಟಕ್ಕೆ 2, ಎಸ್‌ಪಿಒ2ಗೆ 1, ಬಿಪಿಗೆ 1, ನಾಡಿಗೆ 2, ಜ್ವರಕ್ಕೆ 1. ಒಟ್ಟು 7. ಇದು ಮಾಹಿತಿ. 5 ಮುಟ್ಟಿದರೆ ತುರ್ತಾಗಿ ಡಾಕ್ಟರ್ ನೋಡಬೇಕು, 7 ಅಥವಾ ಮೇಲಿದ್ದರೆ ಎಮರ್ಜೆನ್ಸಿ ತಂಡವೇ ಬರಬೇಕು ಅನ್ನೋದು ಜ್ಞಾನ. ಸೋಂಕು ಮೈಗೆಲ್ಲ ಹರಡುತ್ತಿರಬಹುದು ಅಂತ ಊಹಿಸಿ, ಬೆಳಗಿನ ರೌಂಡ್ಸ್‌ಗೆ ಕಾಯದೆ ಫೋನ್ ಎತ್ತುವುದು ವಿವೇಕ. ಮೊದಲ ಎರಡು ಮೆಟ್ಟಿಲಿಗೆ ಕಂಪ್ಯೂಟರ್ ಸಹಾಯ ಮಾಡುತ್ತದೆ, ಕೆಲವೊಮ್ಮೆ ಮೂರನೆಯದಕ್ಕೂ ಕೆಂಪು ಬಣ್ಣ ತೋರಿಸಿ ಎಚ್ಚರಿಸುತ್ತದೆ. ನಾಲ್ಕನೆಯದು ನಿಮ್ಮದು. ಅಂದಹಾಗೆ, ಈ ಅಂಕಗಳು 16 ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ ಅನ್ವಯಿಸುವುದಿಲ್ಲ.

ಎಡವುವ ಜಾಗಗಳು:

ಅಳತೆಯ ಘಟಕ. ಥರ್ಮಾಮೀಟರ್ ಫ್ಯಾರನ್‌ಹೀಟ್ ತೋರಿಸುತ್ತದೆ, ಪರದೆ ಸೆಲ್ಸಿಯಸ್ ಕೇಳುತ್ತದೆ. 101 ಅಂತ ಒತ್ತಿದರೆ ಒಳ್ಳೆಯ ಸಾಫ್ಟ್‌ವೇರ್ ತಡೆಯುತ್ತದೆ, ಎಲ್ಲವೂ ಒಳ್ಳೆಯವಲ್ಲ. ಮಕ್ಕಳ ವಾರ್ಡಿನಲ್ಲಿ ತೂಕ ಇನ್ನೂ ಗಂಭೀರ. ಗ್ರಾಂನಲ್ಲಿ ತೂಗಿ ಕೆಜಿ ಕಾಲಂನಲ್ಲಿ ಹಾಕಿದರೆ, ಇಲ್ಲವೇ ಚುಕ್ಕಿ ತಪ್ಪಿ 2.8 ಹೋಗಿ 28 ಆದರೆ, ಮುಂದಿನ ಪ್ರತಿ ಡೋಸ್ ಲೆಕ್ಕವೂ ಅದರ ಮೇಲೇ ನಿಲ್ಲುತ್ತದೆ.

ಗಂಟೆ. ನೀವು ನೋಡಿದ ಹೊತ್ತು ಬೇರೆ, ಕಂಪ್ಯೂಟರ್‌ಗೆ ಹಾಕಿದ ಹೊತ್ತು ಬೇರೆ. 2 ಗಂಟೆಗೆ ನೋಡಿ 5ಕ್ಕೆ ಹಾಕಿದರೆ ಪರದೆ 5 ಗಂಟೆ ಅಂತಲೇ ಹಿಡಿಯುತ್ತದೆ. ಸಮಯದ ಕಾಲಂ ತೆರೆದು ನೋಡಿದ ಹೊತ್ತನ್ನೇ ಕೊಡಿ. 24 ಗಂಟೆಯ ಲೆಕ್ಕ ಬಳಸಿ. ನೈಟ್ ಡ್ಯೂಟಿಯಲ್ಲಿ ಮಧ್ಯರಾತ್ರಿ ದಾಟಿದ ಮೇಲೆ ತಾರೀಕು ಬದಲಾಗಿದೆಯಾ ನೋಡಿ, ಇನ್‌ಟೇಕ್-ಔಟ್‌ಪುಟ್ (ಮೈಯೊಳಗೆ ಹೋದ, ಹೊರಬಂದ ದ್ರವದ ಲೆಕ್ಕ) ಮೊತ್ತ ಎಕ್ಕುಟ್ಟಿ ಹೋಗುವುದು ಇಲ್ಲೇ.

ಅಂದಾಜು. ಕೆಲವೆಡೆ ವಾರ್ಡಿನ ಎಲ್ಲರ ಉಸಿರಾಟವೂ 20. ಎಣಿಸದೆ ಹಾಕಿದ 20. ರೋಗಿ ಹದಗೆಡುವಾಗ ಮೊದಲು ಏರುವ ಲಕ್ಷಣಗಳಲ್ಲಿ ಉಸಿರಾಟವೂ ಒಂದು. ಸುಮ್ನೆ ಹಾಕಿದ ಒಂದು 20 ಮೇಲಿನ ಲೆಕ್ಕದ 7ನ್ನು 5ಕ್ಕೆ ಇಳಿಸಿಬಿಡುತ್ತದೆ.

4. ಅಲರ್ಜಿಯನ್ನು ಅದರ ಕಾಲಂನಲ್ಲೇ ಹಾಕಿ

ಕಂಪ್ಯೂಟರ್ ಎರಡು ಬಗೆಯಲ್ಲಿ ಬರಹ ಹಿಡಿದಿಡುತ್ತದೆ. ಒಂದು, ಪಟ್ಟಿಯಿಂದ ಆರಿಸುವ ಕಾಲಂ. ಇನ್ನೊಂದು, ಮನಸ್ಸಿಗೆ ಬಂದಂತೆ ಬರೆಯುವ ರಿಮಾರ್ಕ್ಸ್ ಬಾಕ್ಸ್. ಮನುಷ್ಯರಿಗೆ ಎರಡೂ ಒಂದೇ. ಕಂಪ್ಯೂಟರ್‌ಗೆ ಹಾಗಲ್ಲ. ಪೆನ್ಸಿಲಿನ್ ಅಲರ್ಜಿಯನ್ನು ರಿಮಾರ್ಕ್ಸ್‌ನಲ್ಲಿ ದಪ್ಪಕ್ಷರದಲ್ಲಿ ಬರೆದರೂ ಡಾಕ್ಟರ್ ಅದೇ ಗುಂಪಿನ ಅಮಾಕ್ಸಿಸಿಲಿನ್ ಆರ್ಡರ್ ಹಾಕುವಾಗ ಎಚ್ಚರಿಕೆ ಬರುವುದಿಲ್ಲ. ಅಲರ್ಜಿ ಕಾಲಂನಲ್ಲಿ ಪಟ್ಟಿಯಿಂದ ಆರಿಸಿದ್ದರೆ ಬರುತ್ತದೆ.

ಹಾಗೆಯೇ ಖಾಲಿ ಬಿಟ್ಟ ಕಾಲಂಗೂ "ಅಲರ್ಜಿ ಇಲ್ಲ" ಅಂತ ಟಿಕ್ ಮಾಡಿದ್ದಕ್ಕೂ ವ್ಯತ್ಯಾಸ ಇದೆ. ಖಾಲಿ ಅಂದರೆ ಯಾರೂ ಕೇಳಿಲ್ಲ. ಕೇಳಿ ಇಲ್ಲ ಅಂದಿದ್ದರೆ ಇಲ್ಲ ಅಂತಲೇ ಹಾಕಿ. "ಅಲರ್ಜಿ ಇದೆಯಾ?" ಅಂದರೆ ಎಷ್ಟೋ ಜನಕ್ಕೆ ಅರ್ಥವಾಗುವುದಿಲ್ಲ. "ಯಾವುದಾದ್ರೂ ಮಾತ್ರೆ, ಇಂಜೆಕ್ಷನ್ ತಗೊಂಡಾಗ ಮೈಮೇಲೆ ದದ್ದು ಎದ್ದಿತ್ತಾ, ಉಸಿರು ಕಟ್ಟಿತ್ತಾ?" ಅಂತ ಕೇಳಿ.

ಇದೇ ಜಾಗದಲ್ಲಿ ಕೋಡ್‌ಗಳ ಹೆಸರು ಕೇಳುತ್ತೀರಿ. ಕಾಯಿಲೆಗಳಿಗೆ ಐಸಿಡಿ, ಲ್ಯಾಬ್ ಪರೀಕ್ಷೆಗೆ ಲಾಯ್ನ್ಕ್, ವೈದ್ಯಕೀಯ ಪದಗಳಿಗೆ ಸ್ನೋಮೆಡ್ ಸಿಟಿ, ನರ್ಸಿಂಗ್ ಡಯಾಗ್ನೋಸಿಸ್‌ಗೆ ನಂಡಾ. ಒಬ್ಬರು ಶುಗರ್ ಅಂತ, ಇನ್ನೊಬ್ಬರು ಡಿಎಂ ಅಂತ ಬರೆದರೂ ಒಳಗೆ ಒಂದೇ ಕೋಡ್ ಕೂತರೆ ಎಲ್ಲ ಆಸ್ಪತ್ರೆಗೂ ಅರ್ಥವಾಗುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯದ 2016ರ ಇಎಚ್‌ಆರ್ ಮಾನದಂಡಗಳಲ್ಲಿ ಐಸಿಡಿ, ಲಾಯ್ನ್ಕ್, ಸ್ನೋಮೆಡ್ ಸಿಟಿ ಮೂರರ ಪ್ರಸ್ತಾಪ ಇದೆ. ಕೋಡ್ ಬಾಯಿಪಾಠ ಮಾಡುವ ಅಗತ್ಯವಿಲ್ಲ, ಪಟ್ಟಿಯಿಂದ ಸರಿಯಾಗಿ ಆರಿಸಿದರೆ ಸಾಕು.

5. ಔಷಧಿ: ಮೊದಲು ಕೊಡಿ, ಆಮೇಲೆ ಟಿಕ್ ಮಾಡಿ

ಕಂಪ್ಯೂಟರ್ ಬಂದ ಮೇಲೂ ಕ್ರಮ ಹಳೆಯದೇ: ಸರಿಯಾದ ರೋಗಿ, ಔಷಧಿ, ಡೋಸ್, ಕೊಡುವ ದಾರಿ (ಬಾಯಿಗೋ, ಇಂಜೆಕ್ಷನ್ನೋ), ಸಮಯ. ಪರದೆಯ ಮೇಲಿನ ಔಷಧಿ ಪಟ್ಟಿಗೆ ಇ-ಮಾರ್ ಅನ್ನುತ್ತಾರೆ. ಕೆಲಸ ಹೀಗೆ ಸಾಗಲಿ:

ಅ) ಇ-ಮಾರ್ ತೆರೆದು ಹೊಸ ಆರ್ಡರ್, ನಿಲ್ಲಿಸಿದ ಆರ್ಡರ್ ಎರಡನ್ನೂ ನೋಡಿ. ನಿಲ್ಲಿಸಿದ್ದು ಕೆಲವು ಸಾಫ್ಟ್‌ವೇರ್‌ಗಳಲ್ಲಿ ಪುಟದ ತಳಕ್ಕೆ ಹೋಗಿ ಕೂರುತ್ತದೆ.

ಆ) ಔಷಧಿಯನ್ನು ರೋಗಿಯ ಹಾಸಿಗೆ ಹತ್ತಿರ ಒಯ್ಯಿರಿ. ಬಾರ್‌ಕೋಡ್ ಇದ್ದರೆ ಮೊದಲು ಬ್ಯಾಂಡ್, ಆಮೇಲೆ ಔಷಧಿ ಸ್ಕ್ಯಾನ್ ಮಾಡಿ.

ಇ) ಕೊಡಿ. ಮಾತ್ರೆಯಾದರೆ ನುಂಗುವವರೆಗೂ ನಿಲ್ಲಿ.

ಈ) ಆಮೇಲೆ ಟಿಕ್ ಮಾಡಿ.

ಟ್ರಾಲಿ ಹೊರಡುವ ಮುಂಚೆಯೇ ಎಲ್ಲರ 8 ಗಂಟೆ ಡೋಸ್‌ಗೂ ಒಟ್ಟಿಗೆ ಟಿಕ್ ಹಾಕುವ ಅಭ್ಯಾಸ ಕೆಲವು ವಾರ್ಡ್‌ಗಳಲ್ಲಿದೆ. ಅಷ್ಟರಲ್ಲಿ ಒಬ್ಬರು ವಾಂತಿ ಮಾಡುತ್ತಾರೆ, ಇನ್ನೊಬ್ಬರನ್ನು ಸ್ಕ್ಯಾನ್‌ಗೆ ಕರೆದೊಯ್ದಿರುತ್ತಾರೆ. ದಾಖಲೆ ಮಾತ್ರ ಎಲ್ಲರಿಗೂ ಕೊಟ್ಟಾಯಿತು ಅನ್ನುತ್ತದೆ. ಕೊಡದ ಡೋಸ್‌ಗೆ "ಕೊಟ್ಟಿಲ್ಲ" ಆರಿಸಿ ಕಾರಣ ಹಾಕಿ: ಎನ್‌ಪಿಒ (ಬಾಯಿಗೆ ಏನೂ ಕೊಡಬಾರದು), ಬೇಡ ಅಂದರು, ಸ್ಟಾಕ್ ಇಲ್ಲ, ನಾಡಿ ಕಡಿಮೆ ಇತ್ತು. ಕಾರಣ ಹಾಕಿದ ಒಂದು "ಇಲ್ಲ" ಮುಂದಿನ ಶಿಫ್ಟ್‌ಗೆ ತುಂಬಾ ಉಪಯೋಗ.

ಬಾರ್‌ಕೋಡ್ ಓದದಿದ್ದರೆ ಬೈಪಾಸ್ ದಾರಿಗಳು ಹುಟ್ಟಿಕೊಳ್ಳುತ್ತವೆ. ರೋಗಿಯ ಬ್ಯಾಂಡಿನ ಇನ್ನೊಂದು ಪ್ರತಿ ಪ್ರಿಂಟ್ ತೆಗೆದು ನರ್ಸಿಂಗ್ ಸ್ಟೇಷನ್ ಮೇಜಿಗೆ ಅಂಟಿಸಿಕೊಂಡು ಅಲ್ಲಿಂದಲೇ ಸ್ಕ್ಯಾನ್ ಮಾಡುವುದು ಇದರಲ್ಲಿ ಬಲು ಜನಪ್ರಿಯ. ಸ್ಕ್ಯಾನ್ ಆಯಿತು, ಪರದೆ ಹಸಿರಾಯಿತು, ರೋಗಿ ಯಾರು ಅಂತ ಮಾತ್ರ ಯಾರೂ ನೋಡಲಿಲ್ಲ. ಹೀಗೆ ಮಾಡುವುದಕ್ಕಿಂತ ಸ್ಕ್ಯಾನರ್ ಬಿಟ್ಟು ಕಣ್ಣಲ್ಲೇ ಬ್ಯಾಂಡ್ ಓದುವುದು ಸಾವಿರ ಪಾಲು ಸುರಕ್ಷಿತ. ಬ್ಯಾಂಡ್ ಒದ್ದೆಯಾಗಿ ಅಳಿಸಿದ್ದರೆ ಹೊಸದು ಕಟ್ಟಿ.

ಔಷಧಿಯ ಹೆಸರು ಹುಡುಕುವಾಗ ಮೂರೇ ಅಕ್ಷರಕ್ಕೆ ನಿಲ್ಲಬೇಡಿ. ಎಂ-ಇ-ಟಿ ಒತ್ತಿ ನೋಡಿ: ಮೆಟ್‌ಫಾರ್ಮಿನ್, ಮೆಟೊಪ್ರೊಲಾಲ್, ಮೆಟ್ರೊನಿಡಜೋಲ್, ಮೆಥೊಟ್ರೆಕ್ಸೇಟ್ ಸಾಲಾಗಿ ಬರುತ್ತವೆ. ಕ್ರಮವಾಗಿ ಶುಗರ್, ಬಿಪಿ, ಸೋಂಕು, ಸಂಧಿವಾತ-ಕ್ಯಾನ್ಸರ್‌ನ ಔಷಧಿಗಳು. ಬೆರಳು ಒಂದು ಗೆರೆ ಜಾರಿದರೆ ಸಾಕು. ಕನಿಷ್ಠ ಐದು ಅಕ್ಷರ ಒತ್ತಿ. ಡೋಸ್ ಬರೆಯುವಾಗ ಅರ್ಧಕ್ಕೆ 0.5 ಅಂತ ಸೊನ್ನೆ ಮುಂದಿಟ್ಟು ಬರೆಯಿರಿ. ಐದಕ್ಕೆ ಬರೀ 5 ಸಾಕು, 5.0 ಬೇಡ, ಚುಕ್ಕಿ ಮಸುಕಾದರೆ 50 ಆಗುತ್ತದೆ. ಇನ್ಸುಲಿನ್‌ಗೆ ಯು ಅಂತ ಚುಟುಕಾಗಿ ಬರೆಯದೆ ಯೂನಿಟ್ ಅಂತ ಪೂರ್ತಿ ಬರೆಯಿರಿ. ಕೈಬರಹದಲ್ಲಿ ಯು ಅಕ್ಷರ ಸೊನ್ನೆಯಂತೆ ಕಾಣುತ್ತದೆ.

ಪರದೆಯ ಎಚ್ಚರಿಕೆಗಳ ವಿಷಯ. ದಿನಕ್ಕೆ ನೂರು ಸಲ ಬಂದರೆ ಯಾರೂ ಓದುವುದಿಲ್ಲ, ಓಕೆ ಒತ್ತಿ ಮುಂದೆ ಹೋಗುತ್ತಾರೆ. ಇದಕ್ಕೆ ಅಲರ್ಟ್ ಫಟೀಗ್ ಅನ್ನುತ್ತಾರೆ, ಅಂದರೆ ಎಚ್ಚರಿಕೆಯಿಂದಲೇ ಬರುವ ದಣಿವು. ಇದು ಬರೀ ನರ್ಸ್‌ಗಳ ತಪ್ಪು ಅಂತ ನಾನು ಒಪ್ಪುವುದಿಲ್ಲ. ಬೇಡದ ಎಚ್ಚರಿಕೆಗಳನ್ನು ತೆಗೆಸುವುದು ಆಸ್ಪತ್ರೆಯ ಹೊಣೆ. ನೀವು ಮಾಡಬಹುದಾದದ್ದು ಅಲರ್ಜಿ, ಡಬಲ್ ಡೋಸ್ ಎರಡು ಬಗೆಯನ್ನಾದರೂ ಪ್ರತಿ ಸಲ ಓದುವುದು.

6. ನರ್ಸಸ್ ನೋಟ್ಸ್: ಕಾಪಿ-ಪೇಸ್ಟ್ ಬೇಡ

ನಿನ್ನೆಯ ನೋಟ್ ಕಾಪಿ ಮಾಡಿ ಇವತ್ತಿಗೆ ಹಾಕುವುದು ಸುಲಭ. ಅದಕ್ಕೇ ಕ್ಯಾತಿಟರ್ (ಮೂತ್ರದ ನಳಿಕೆ) ತೆಗೆದು ಎರಡು ದಿನ ಆಗಿದ್ದರೂ ನೋಟ್ಸ್‌ನಲ್ಲಿ "ಕ್ಯಾತಿಟರ್ ಚೆನ್ನಾಗಿ ಹರಿಯುತ್ತಿದೆ" ಅಂತ ಮುಂದುವರಿದಿರುತ್ತದೆ. ಎರಡು ಸಾಲೇ ಬರೆಯಿರಿ, ಇವತ್ತಿನದನ್ನು ಬರೆಯಿರಿ. ಏನು ಕಂಡಿತು, ಏನು ಮಾಡಿದಿರಿ, ಆಮೇಲೆ ಏನಾಯಿತು, ಯಾರಿಗೆ ಎಷ್ಟು ಗಂಟೆಗೆ ಹೇಳಿದಿರಿ.

ತಪ್ಪು ಎಂಟ್ರಿ ಆದರೆ ಅಳಿಸಲು ಹೋಗಬೇಡಿ. ಕಾಗದದಲ್ಲಿ ಒಂದು ಗೆರೆ ಎಳೆದು ಸಹಿ ಹಾಕುತ್ತಿದ್ದೆವು. ಇಲ್ಲಿ ಅದರ ಜಾಗದಲ್ಲಿ "ತಪ್ಪಾಗಿ ನಮೂದಾಗಿದೆ" ಅಂತ ಗುರುತು ಮಾಡುವ ಆಯ್ಕೆ, ಇಲ್ಲವೇ ಅಡೆಂಡಮ್ ಅಂದರೆ ಸೇರ್ಪಡೆ ಟಿಪ್ಪಣಿ ಇರುತ್ತದೆ. ತಡವಾಗಿ ಬರೆದರೆ ತಡವಾಗಿ ಬರೆದದ್ದು ಅಂತಲೇ ಹಾಕಿ.

7. ಸ್ಯಾಂಪಲ್ ಮತ್ತು ರಿಪೋರ್ಟ್

ಟ್ಯೂಬ್‌ಗೆ ಲೇಬಲ್ ರೋಗಿಯ ಪಕ್ಕದಲ್ಲಿ, ರಕ್ತ ತೆಗೆದ ಕೂಡಲೇ. ಐದು ಜನರ ಲೇಬಲ್ ಮೊದಲೇ ಪ್ರಿಂಟ್ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡು ಹೊರಟರೆ ಅದಲು ಬದಲು ಆಗಲು ಎರಡು ನಿಮಿಷ ಸಾಕು. ಬ್ಲಡ್ ಗ್ರೂಪ್ ಸ್ಯಾಂಪಲ್ ಆಗಿದ್ದರೆ ಅದರ ಪರಿಣಾಮ ಹೇಳಬೇಕಾಗಿಲ್ಲ.

ಲ್ಯಾಬ್‌ನವರು ಫೋನ್‌ನಲ್ಲಿ ಅಪಾಯದ ಮಟ್ಟದ ಫಲಿತಾಂಶ ಹೇಳಿದರೆ, ಪೊಟ್ಯಾಸಿಯಂ 6.8 ಅಂತ ಇಟ್ಟುಕೊಳ್ಳಿ, ಬರೆದುಕೊಂಡು ಅವರಿಗೇ ವಾಪಸ್ ಓದಿ ಹೇಳಿ. ಆಮೇಲೆ ಡ್ಯೂಟಿ ಡಾಕ್ಟರ್‌ಗೆ ತಿಳಿಸಿ, ತಿಳಿಸಿದ ಗಂಟೆ ನಮೂದಿಸಿ. ರಿಪೋರ್ಟ್ ಪರದೆಯಲ್ಲಿದೆ ಅಂದ ಮಾತ್ರಕ್ಕೆ ಡಾಕ್ಟರ್ ನೋಡಿದ್ದಾರೆ ಅಂತಲ್ಲ.

8. ರೋಗಿಯ ವಿಷಯ ಆಸ್ಪತ್ರೆಯ ಹೊರಗೆ ಹೋಗದಿರಲಿ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಅದಕ್ಕೂ ಮುಂಚಿನಿಂದಲೇ ಗೌಪ್ಯತೆ ನಮ್ಮ ವೃತ್ತಿಯ ನಿಯಮ. ಹೆಚ್ಚು ಸೋರುವುದು ಎಲ್ಲಿ ಅಂತ ಎಲ್ಲರಿಗೂ ಗೊತ್ತು: ವಾಟ್ಸ್ಆ್ಯಪ್.

ರಾತ್ರಿ ಡಾಕ್ಟರ್ "ಇಸಿಜಿ ಫೋಟೋ ಕಳಿಸಿ" ಅಂತಾರೆ. ರೋಗಿಯ ಜೀವದ ಪ್ರಶ್ನೆ, ನೀವು ಕಳಿಸುತ್ತೀರಿ. ಬೇಡ ಅಂತ ಬರೆದು ಕೈ ತೊಳೆದುಕೊಳ್ಳುವುದು ನನಗೆ ಇಷ್ಟವಿಲ್ಲ. ನಿಮ್ಮ ಆಸ್ಪತ್ರೆ ಕೊಟ್ಟ ಆ್ಯಪ್ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಇದಕ್ಕೆ ಏನು ನಿಯಮ ಅಂತ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ಕಳಿಸಲೇಬೇಕಾದರೆ ಹೆಸರು, ಐಪಿ ನಂಬರ್ ಕಾಣದಂತೆ ಫೋಟೋ ಕತ್ತರಿಸಿ. ಆ ಡಾಕ್ಟರ್‌ಗೆ ಮಾತ್ರ ಕಳಿಸಿ, ಗ್ರೂಪಿಗೆ ಬೇಡ. ಯಾವ ರೋಗಿ ಅನ್ನೋದನ್ನು ಕರೆ ಮಾಡಿ ಹೇಳಿ. ಕೆಲಸ ಮುಗಿದ ಮೇಲೆ ಗ್ಯಾಲರಿಯಿಂದಲೂ ಅಳಿಸಿ, ಇಲ್ಲದಿದ್ದರೆ ಫೋನು ತಾನಾಗಿ ಬ್ಯಾಕಪ್ ಮಾಡಿ ಎಲ್ಲೋ ಇಟ್ಟಿರುತ್ತದೆ.

ಪಕ್ಕದ ಮನೆಯವರು ಅಡ್ಮಿಟ್ ಆಗಿದ್ದಾರಂತೆ ಅಂತ ಕುತೂಹಲಕ್ಕೆ ಫೈಲ್ ತೆರೆಯುವುದೂ ತಪ್ಪೇ. ಆಡಿಟ್ ಟ್ರೇಲ್‌ನಲ್ಲಿ ಅದೂ ಇರುತ್ತದೆ. ಡಿಸ್ಚಾರ್ಜ್ ಸಮ್ಮರಿಯ ಭಾಷೆ ತಿದ್ದಿಸಲು ಎಐ ಚಾಟ್‌ಬಾಟ್‌ಗೆ ರೋಗಿಯ ವಿವರ ಅಂಟಿಸಬೇಡಿ. ವಾರ್ಡಿನ ಕಂಪ್ಯೂಟರ್‌ಗೆ ನಿಮ್ಮ ಪೆನ್‌ಡ್ರೈವ್ ಹಾಕಬೇಡಿ, ಮೊಬೈಲ್ ಚಾರ್ಜಿಗೂ ಬೇಡ.

9. ಸರ್ವರ್ ಡೌನ್ ಆದಾಗ

ಆಗೇ ಆಗುತ್ತದೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಮೇಲೆ ಸೈಬರ್ ದಾಳಿ ಆದಾಗ ಓಪಿಡಿ, ಅಡ್ಮಿಷನ್, ಲ್ಯಾಬ್ ಎಲ್ಲ ದಿನಗಟ್ಟಲೆ ಕೈಬರಹದಲ್ಲೇ ನಡೆಯಬೇಕಾಯಿತು. ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲಿ ಒಂದರ ಸ್ಥಿತಿಯೇ ಹೀಗಾದರೆ ನಮ್ಮ ವಾರ್ಡು ತಯಾರಿರಬೇಕು.

ಒಂದು ಫೈಲ್‌ನಲ್ಲಿ ಖಾಲಿ ವೈಟಲ್ಸ್ ಚಾರ್ಟ್, ಔಷಧಿ ಚಾರ್ಟ್, ಇನ್‌ಟೇಕ್-ಔಟ್‌ಪುಟ್ ಶೀಟ್, ಲ್ಯಾಬ್ ರಿಕ್ವೆಸ್ಟ್ ಇಟ್ಟಿರಿ. ಮುಂಚಿತವಾಗಿ ಹೇಳಿ ಸರ್ವರ್ ನಿಲ್ಲಿಸುವುದಾದರೆ ಪ್ರತಿ ರೋಗಿಯ ಈಗಿನ ಔಷಧಿ ಪಟ್ಟಿ, ಅಲರ್ಜಿ ಪ್ರಿಂಟ್ ತೆಗೆದಿಡಿ. ಇದ್ದಕ್ಕಿದ್ದಂತೆ ನಿಂತರೆ ಮೊದಲು ನಿಂತ ಗಂಟೆ ಬರೆಯಿರಿ. ಕೊನೆಯ ಡೋಸ್ ಯಾವಾಗ ಕೊಟ್ಟಿದ್ದು ಅಂತ ಆ ಶಿಫ್ಟಿನವರ ನೆನಪು ಮಾಸುವ ಮುಂಚೆ ಕೇಳಿ ಬರೆದುಕೊಳ್ಳಿ. ಪ್ರತಿ ಹಾಳೆಯ ಮೇಲೂ ಹೆಸರು, ಯುಎಚ್‌ಐಡಿ ಇರಲಿ.

ಸರ್ವರ್ ವಾಪಸ್ ಬಂದ ಮೇಲೆ ಎಲ್ಲವನ್ನೂ ಒಂದೇ ಉಸಿರಿಗೆ ಹಾಕುವ ಧಾವಂತದಲ್ಲಿ ತಪ್ಪುಗಳು ಜಾಸ್ತಿ. ಮೊದಲು ಔಷಧಿ ಮತ್ತು ಅಲರ್ಜಿ. ಆಮೇಲೆ ವೈಟಲ್ಸ್. ಉಳಿದದ್ದು ಸ್ಕ್ಯಾನ್ ಮಾಡಿ ಸೇರಿಸಬಹುದಾ ಅಂತ ಎಂಆರ್‌ಡಿಯವರನ್ನು ಕೇಳಿ. ಕಾಗದ ಬಿಸಾಡಬೇಡಿ, ಅದೇ ಮೂಲ ದಾಖಲೆ.

10. ಹ್ಯಾಂಡ್‌ಓವರ್ ಬಾಯಲ್ಲೇ ಆಗಲಿ

ಶಿಫ್ಟ್ ಮುಗಿಸಿ ಮುಂದಿನವರಿಗೆ ರೋಗಿಗಳನ್ನು ಒಪ್ಪಿಸುವಾಗ "ಎಲ್ಲ ಸಿಸ್ಟಂನಲ್ಲಿದೆ, ನೋಡ್ಕೊಳ್ಳಿ" ಅಂತ ಹೇಳಿ ಹೊರಡಬೇಡಿ. ರೋಗಿಯ ಹಾಸಿಗೆ ಹತ್ತಿರ ನಿಂತು ಪರದೆ ಅಥವಾ ಟ್ಯಾಬ್ ತೆರೆದು ಇಬ್ಬರೂ ಒಟ್ಟಿಗೆ ನೋಡಿ. ಬಾಕಿ ಇರುವ ರಿಪೋರ್ಟ್, ತಡೆಹಿಡಿದ ಔಷಧಿ, ಡಾಕ್ಟರ್ ಫೋನಲ್ಲಿ ಹೇಳಿ ಇನ್ನೂ ಸಹಿ ಹಾಕದ ಆರ್ಡರ್, ಈ ಮೂರು ಪರದೆಯಲ್ಲಿ ಸುಲಭಕ್ಕೆ ಕಾಣುವುದಿಲ್ಲ. ಬಾಯಿಬಿಟ್ಟು ಹೇಳಿ. ನಂತರ ಲಾಗೌಟ್ ಆಗಿ.

ಪಿಎಚ್‌ಸಿ, ಉಪಕೇಂದ್ರದಲ್ಲಿ ಇರುವವರಿಗೆ

ನಿಮ್ಮ ಕಷ್ಟ ಬೇರೆ. ಪಿಎಚ್‌ಸಿಒ (ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ) ಮತ್ತು ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಗಳ ಕೈಯಲ್ಲಿ ಒಂದು ಸಾಫ್ಟ್‌ವೇರ್ ಅಲ್ಲ, ಹಲವು. ಕ್ಷಯಕ್ಕೆ ನಿಕ್ಷಯ್, ತಾಯಿ-ಮಗುವಿಗೆ ಆರ್‌ಸಿಎಚ್, ಲಸಿಕೆಗೆ ಯು-ವಿನ್, ದೂರದ ಡಾಕ್ಟರ್ ಸಲಹೆಗೆ ಇ-ಸಂಜೀವಿನಿ. ಒಂದೇ ಗರ್ಭಿಣಿಯ ವಿವರ ಮೂರು ಕಡೆ ತುಂಬಬೇಕು. ಇದು ನಿಮ್ಮ ತಪ್ಪಲ್ಲ, ಸಾಫ್ಟ್‌ವೇರ್‌ಗಳು ಒಂದರೊಡನೊಂದು ಮಾತಾಡದಿರುವ ತೊಂದರೆ. ಆದರೂ ಹೆಸರಿನ ಸ್ಪೆಲ್ಲಿಂಗ್ ಎಲ್ಲ ಕಡೆ ಒಂದೇ ಇರಲಿ, ತಾಯಿ ಕಾರ್ಡಿನಲ್ಲಿ ಇರುವ ಹಾಗೆ. ಮುಂದೆ ಜೋಡಿಸುವಾಗ ಇಷ್ಟೇ ಆಧಾರ.

ಮೊಬೈಲ್ ನಂಬರ್ ಕಾಲಂನಲ್ಲಿ ಆಶಾ ಕಾರ್ಯಕರ್ತೆಯ ನಂಬರ್ ಹಾಕಿ ಮುಗಿಸುವ ಅಭ್ಯಾಸ ಬಿಡಿ. ಮೆಸೇಜು, ಒಟಿಪಿ ಎಲ್ಲ ಅವರಿಗೇ ಹೋಗುತ್ತವೆ, ಮನೆಯವರಿಗೆ ಲಸಿಕೆಯ ದಿನ ತಿಳಿಯುವುದಿಲ್ಲ. ಮನೆಯಲ್ಲಿ ಒಂದೇ ಫೋನ್ ಇದ್ದರೆ ಅದರದ್ದೇ ಹಾಕಿ, ಯಾರದ್ದು ಅಂತ ಡೈರಿಯಲ್ಲಿ ಬರೆದಿಡಿ.

ನೆಟ್‌ವರ್ಕ್ ಇಲ್ಲದ ಊರಿನಲ್ಲಿ, ಆಫ್‌ಲೈನ್ ಸೌಲಭ್ಯ ಇರುವ ಆ್ಯಪ್‌ನಲ್ಲಿ ತುಂಬಿದ್ದು ನಿಮ್ಮ ಟ್ಯಾಬ್‌ನಲ್ಲೇ ಕೂತಿರುತ್ತದೆ. ಸಿಗ್ನಲ್ ಸಿಕ್ಕ ಕೂಡಲೇ ಸಿಂಕ್ ಒತ್ತಿ, ಅಂದರೆ ಮುಖ್ಯ ಸರ್ವರ್‌ಗೆ ಕಳಿಸಿ. ಕಳಿಸಿದ್ದು ಎಷ್ಟು, ಬಾಕಿ ಎಷ್ಟು ಅಂತ ಪರದೆ ತೋರಿಸಿದರೆ ಬಾಕಿ ಸೊನ್ನೆ ಆಗುವವರೆಗೂ ಆ್ಯಪ್ ಅಳಿಸಬೇಡಿ, ಅಪ್‌ಡೇಟ್ ಮಾಡಬೇಡಿ, ಟ್ಯಾಬ್ ರಿಪೇರಿಗೆ ಕೊಡಬೇಡಿ.